ಕುಳ್ಳಿರಿಸಿ ಹೇಳುವ ಮಾತು

ರೋಗಿಯ ಕುರ್ಚಿಯಲ್ಲಿದ್ದ ಹೆಂಗಸು ಸೆರಗಿನ ತುದಿಯನ್ನು ಕಿರುಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಿದ್ದರು, ಉಗುರು ಬೆಳ್ಳಗಾಗಿತ್ತು. ಎದುರಿಗೆ ಕುಳಿತ ವಿದ್ಯಾರ್ಥಿನಿ ಅದನ್ನು ಗಮನಿಸಲಿಲ್ಲ. ತಾನು ಹೇಳಬೇಕಾದ ವಾಕ್ಯವನ್ನೇ ನೆನಪು ಮಾಡಿಕೊಳ್ಳುತ್ತಿದ್ದಳು.

ಹಾನಗಲ್ಲಿನ ಒಂದು ನರ್ಸಿಂಗ್ ಶಾಲೆಯಲ್ಲಿ ನಾನು ಪಾಠ ಹೇಳುತ್ತೇನೆ. ನಿಜವಾದ ರೋಗಿಗಳ ಬಳಿ ಹೋಗುವ ಮುನ್ನ ಹುಡುಗಿಯರು ನಮ್ಮ ತರಬೇತಿ ಕೋಣೆಯಲ್ಲಿ ಅಭ್ಯಾಸ ಮಾಡುತ್ತಾರೆ. ಸೂಜಿ ಚುಚ್ಚಲು ರಬ್ಬರಿನ ತೋಳಿದೆ. ಮಾತಾಡಲು ಮನುಷ್ಯರೇ ಬೇಕು. ಅದಕ್ಕೆಂದು ಈ ಹೆಂಗಸು ಅಕ್ಕಿಆಲೂರಿನಿಂದ ಬಸ್ಸಿನಲ್ಲಿ ಬಂದು ರೋಗಿಯಾಗಿ ಕೂರುತ್ತಿದ್ದರು. ಹೊಟ್ಟೆನೋವು, ಜ್ವರ, ಹೆರಿಗೆ ಬೇನೆ ಎಲ್ಲವನ್ನೂ ಮಾಡಿದ್ದರು. ಅಂದಿನದು ಹೊಸ ಪಾಠ: ಹುಟ್ಟಿದ ಕೂಸು ತೀರಿಕೊಂಡಿತೆಂದು ತಾಯಿಗೆ ತಿಳಿಸುವುದು.

ನಮ್ಮ ಕಡೆ ಸಾವನ್ನು ಯಾರೂ ನೇರವಾಗಿ ಹೇಳುವುದಿಲ್ಲ. 'ಆರಾಮಿಲ್ಲ, ಲಗೂನ ಬಾ' ಎಂದು ಫೋನು ಬರುತ್ತದೆ. ನನ್ನ ಅಜ್ಜಿ ಹೋದ ದಿನ ನಾನು ಹಿರೇಕೆರೂರಿನ ಬಸ್ಸಿನಲ್ಲಿ, ಅವಳಿಗೆಂದು ಕೊಂಡ ಬಾಳೆಹಣ್ಣನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದೆ. ಆ ವಿದ್ಯಾರ್ಥಿನಿಯೂ ನಮ್ಮ ಕಡೆಯವಳೇ.

"ಕಾಕು, ಕೂಸಿಗೆ ಸ್ವಲ್ಪ ಆರಾಮಿಲ್ರಿ. ಗಾಜಿನ ಪೆಟಗಿಯೊಳಗ ಇಟ್ಟಾರ..."

"ಹಂಗ ಅನ್ನಬ್ಯಾಡವಾ," ಎಂದರು ಅವರು. "ನೆಟ್ಟಗ ಹೇಳು."

ಹುಡುಗಿ ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ಕೈ ಹಿಡಿದು, "ನಿಮ್ಮ ಕೂಸು ಉಳೀಲಿಲ್ರಿ" ಎಂದಳು. ಅವರು ಅತ್ತರು. ಸದ್ದಿಲ್ಲದೆ, ಬಹಳ ಹೊತ್ತು. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು.

"ಕಾಕು, ನೀವು ನಾಟಕ ಕಂಪನಿ ಸೇರಬೇಕಿತ್ತು ನೋಡ್ರಿ," ಎಂದಳು ಒಬ್ಬಳು.

"ಸೇರತಿದ್ದೆ. ನಿಮ್ಮ ಕಾಕಾಗ ರೊಟ್ಟಿ ಬಡಿಯಾಕ ನೀ ಬರ್ತಿದ್ದೇನು?" ಕಣ್ಣು ಒರೆಸಿಕೊಂಡು ಅವರೂ ನಕ್ಕರು.

ಎಲ್ಲರೂ ಹೋದ ಮೇಲೆ ಅವರು ಏಳಲಿಲ್ಲ.

"ಅಕ್ಕೋರ, ನಾಳೆ ಇನ್ನೊಂದು ಬ್ಯಾಚ್ ಐತೆಲ್ರಿ? ಅದಕ್ಕೂ ನನ್ನ ಕರೀರಿ."

ಯಾಕೆಂದು ಕೇಳಿದೆ.

"ನನ್ನ ಕೂಸು ಹೋದಾಗ ನನಗ ಯಾರೂ ಹೇಳಲಿಲ್ರಿ. ಎದಿಯಾಗ ಹಾಲು ಕಟ್ಟಿತ್ತು, ಕೂಸಿನ್ನ ಕೊಡ್ರಿ ಅಂದೆ. ಗಾಜಿನ ಪೆಟಗಿಯಾಗ ಐತಿ ಅಂದ್ರು. ಮನಿಗೆ ಬಂದ್ ನೋಡಿದ್ರ, ಕೂಸಿಗಂತ ನಾ ಒಗದು ಮಡಚಿಟ್ಟಿದ್ದ ಹಳೇ ಸೀರಿ ಅರಿವಿ ಒಂದೂ ಇರಲಿಲ್ಲ. ಅದನ್ನ ನೋಡಿ ತಿಳಕೊಂಡೆ."

"ಗಂಡೋ, ಹೆಣ್ಣೋ?"

"ಹೆಣ್ಣಂತ. ನಾ ನೋಡಿಲ್ಲ."

ಇಂಥದ್ದೇನಾದರೂ ನಿಮ್ಮ ಬದುಕಿನಲ್ಲಿ ನಡೆದಿದೆಯೇ ಎಂದು ಪಾತ್ರ ಕೊಡುವ ಮುನ್ನ ನಮ್ಮಲ್ಲಿ ಯಾರೂ ಅವರನ್ನು ಕೇಳಿರಲಿಲ್ಲ. ರಬ್ಬರಿನ ತೋಳನ್ನು ಕೂಡ ನಾವು ಪ್ರತಿ ಸಲ ಒರೆಸಿ, ಬಟ್ಟೆ ಹೊದಿಸಿ ಇಡುತ್ತೇವೆ.

ಅವರನ್ನು ಮತ್ತೆ ಅಲ್ಲಿ ಕೂರಿಸಿದರೆ, ಹುಡುಗಿಯರ ಕಲಿಕೆಗಾಗಿ ಅವರ ದುಃಖವನ್ನು ದುಡಿಸಿಕೊಂಡಂತೆ. ಕೂರಿಸದಿದ್ದರೆ, ಆ ಮಾತನ್ನು ಅವರಿಗೆ ಹೇಳುವವರು ಬೇರೆ ಯಾರೂ ಇರಲಿಲ್ಲ. ನಾಳೆ ಸ್ವಲ್ಪ ಬೇಗ ಬನ್ನಿ ಎಂದಷ್ಟೇ ಹೇಳಿದೆ.

ಮರುದಿನ ಬೆಳಿಗ್ಗೆ ಹುಡುಗಿಯರು ಬರುವ ಮೊದಲೇ ಕೋಣೆಯ ಬಾಗಿಲು ಹಾಕಿ, ಅವರನ್ನು ಕುಳ್ಳಿರಿಸಿ, ಎದುರು ಕುಳಿತೆ. "ನಿಮ್ಮ ಮಗಳು ಉಳೀಲಿಲ್ರಿ" ಎಂದೆ. ಅಳು ನಿಲ್ಲುವವರೆಗೆ ಕೈ ಬಿಡಲಿಲ್ಲ. ಆಮೇಲೆ ಅವರನ್ನು ಅಕ್ಕಿಆಲೂರಿನ ಬಸ್ಸಿಗೆ ಹತ್ತಿಸಿ ಬಂದು, ತರಗತಿಯಲ್ಲಿ ತಾಯಿಯ ಕುರ್ಚಿಯ ಮೇಲೆ ನಾನೇ ಕುಳಿತೆ.