ಬೆಟ್ಟ ಹತ್ತಿಸದೆ ಟೈರು ಮಾರದ ನೊಯೆಲಿನ್

ಕೈ ಮಸಿಯಾದರೆ ಬಾಯಿಗೆ ಬಿಸಿ ಎಂದು ಹಿರಿಯರು ಹೇಳಿಲ್ಲ, ಹೇಳಬೇಕಿತ್ತು. ಡೆಲೊರೇನ್ ಊರಿನ ಟೈರ್ ಅಂಗಡಿಯ ಹಿಂಬಾಗಿಲಲ್ಲಿ, ಇನ್ನೂ ಬೆಳಕು ಸರಿಯಾಗಿ ಹರಿಯದ ಹೊತ್ತಿನಲ್ಲಿ, ಕರಿಬೆರಳುಗಳ ನಡುವೆ ಸ್ಕಾಲಪ್ ಎಂಬ ಚಿಪ್ಪುಮೀನು ತುಂಬಿದ ಪೈ ಹಿಡಿದು ಉಫ್ ಉಫ್ ಎಂದು ಊದುತ್ತ ನಿಂತ ನೊಯೆಲಿನ್ ಪೈಬಸ್ ಅವರನ್ನು ನೋಡಿದವರಿಗೆ ಈ ಹೊಸ ಗಾದೆಗೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ. ಕೈಯಲ್ಲಿ ಪೈ, ಬಾಗಿಲಲ್ಲಿ ಪೈಬಸ್. ಮುಂದೆ ಹೇಳುವುದೂ ಇಷ್ಟೇ ನಿಜ. ಉಪ್ಪು ಖಾರ ಹೆಚ್ಚಾಗಿದ್ದರೆ ಅದು ಪೈಯದು, ಕಥೆಯದಲ್ಲ.

ಭೂಗೋಳದ ಈ ದಕ್ಷಿಣ ತುದಿಯಲ್ಲಿ ಮೇ ಎಂದರೆ ಚಳಿಗಾಲದ ಬಾಗಿಲು. ಆ ತಿಂಗಳ ಮಂಜು ಮಿಯಾಂಡರ್ ನದಿಯಿಂದೆದ್ದು ಬೀದಿಗೆ ಬಂದು ಕೂತಿದೆ. ಒಳಗೆ ಗಾಳಿ ಯಂತ್ರ ಧಗ್ ಧಗ್ ಎಂದು ಎದೆ ಬಡಿದುಕೊಳ್ಳುತ್ತಿದೆ. ಮೊದಲ ಗಿರಾಕಿ ಒಬ್ಬ ಕುರಿ ಸಾಕುವವನು. ಗಾಡಿಯಲ್ಲಿ ಏನೋ ಸದ್ದು ಎನ್ನುತ್ತಾನೆ. ನೊಯೆಲಿನ್ ಪೈ ಕಚ್ಚುತ್ತಲೇ ಕೇಳುತ್ತಾರೆ: "ಹೇಗೆ ಕೂಗತ್ತೆ? ಕೂಗಿ ತೋರಿಸು."

ಆತ ಅತ್ತಿತ್ತ ನೋಡುತ್ತಾನೆ. ಸರದಿಯಲ್ಲಿ ಇನ್ನೂ ಮೂವರಿದ್ದಾರೆ. ಕೊನೆಗೆ ಕಣ್ಣು ಮುಚ್ಚಿ, "ವೂಂ... ವೂಂ... ವೂಂ..." ಎನ್ನುತ್ತಾನೆ. ವೇಗ ಹೆಚ್ಚಿದಾಗ ಹೇಗೆ ಎಂದರೆ, ಕೆನ್ನೆ ಅದುರಿಸಿ "ವುವುವುವು" ಎನ್ನುತ್ತಾನೆ. ಟೈರಲ್ಲ, ಬೇರಿಂಗು, ಗ್ಯಾರೇಜಿಗೆ ಹೋಗು ಎಂದು ನೊಯೆಲಿನ್ ತೀರ್ಪು ಕೊಟ್ಟಾಗುತ್ತದೆ. ಇದು ಈ ಅಂಗಡಿಯ ಕಟ್ಟಳೆ. ಸದ್ದನ್ನು ಮಾತಿನಲ್ಲಿ ವಿವರಿಸಿದರೆ ಅವರು ಕೇಳಿಸಿಕೊಳ್ಳುವುದಿಲ್ಲ, ಕೂಗಿಯೇ ತೋರಿಸಬೇಕು. ನಾಚಿಕೆಯವರು ಎಲ್ಲರೂ ಹೋಗುವ ತನಕ ಬೆಂಚಿನ ಮೇಲೆ ಕಾಯಬಹುದು. ಊರಿನ ಪಾದ್ರಿಗಳು ಹಾಗೆ ಕಾದು ಕೂತು, ಕಡೆಗೆ ಯಾರೂ ಇಲ್ಲವೆಂದು ಗೊತ್ತಾದ ಮೇಲೆ, ಹಸಿದ ಕರುವಿನ ಹಾಗೆ ಅಂಬಾ ಎಂದದ್ದನ್ನು ಅಂಗಡಿಯ ಇನ್ನೊಬ್ಬ ಕೆಲಸಗಾರ ಲಿಂಡ್ಸೆ ಟೈರ್ ರಾಶಿಯ ಹಿಂದಿನಿಂದ ಕೇಳಿ ಇಂದಿಗೂ ಪಬ್ಬಿನಲ್ಲಿ ಅಭಿನಯಿಸುತ್ತಾನೆ.

ನೊಯೆಲಿನ್ ಅವರಿಗೀಗ ಅರವತ್ತೊಂದು. ಮೊದಲು ಬಟಾಣಿ ಕಾರ್ಖಾನೆಯಲ್ಲಿ ಕಲ್ಲು, ಕಸ ಆರಿಸುವ ಕೆಲಸ. ಅದು ಬಾಗಿಲು ಹಾಕಿದಾಗ ಈ ಅಂಗಡಿಗೆ ಕಸ ಗುಡಿಸಲು ಬಂದರು. ಆಗಿನ ಮಾಲೀಕ ಒಂದು ದಿನ ನಗುತ್ತ, ಟ್ರಾಕ್ಟರ್ ಟೈರನ್ನು ರಿಮ್ಮಿನಿಂದ ಬಿಡಿಸಿದರೆ ಕೆಲಸ ನಿನ್ನದು ಎಂದನಂತೆ. "ಬೆಳಗ್ಗೆ ಹಿಡಿದದ್ದು, ಸಂಜೆ ಬಿಟ್ಕೊಳ್ತು. ನನಗೇನು ಬಲ ಇರ್ಲಿಲ್ಲಪ್ಪ, ಹಟ ಇತ್ತು. ಟೈರಿಗೆ ಹಟ ಇರಲ್ಲ ನೋಡಿ, ಅದೇ ಅದರ ದೌರ್ಬಲ್ಯ," ಎನ್ನುತ್ತಾರೆ. ಹೆಂಗಸರಿಗೆಂದು ಶೌಚಾಲಯ ಇರದಿದ್ದ ಆ ಕಾಲದಲ್ಲಿ ಪಕ್ಕದ ಬೇಕರಿಯ ಶೌಚಾಲಯವೇ ಗತಿ. ಸುಮ್ಮನೆ ಹೋಗಿ ಬಂದರೆ ಮರ್ಯಾದೆಯಲ್ಲವೆಂದು ಒಂದೊಂದು ಪೈ ಕೊಳ್ಳುತ್ತಿದ್ದರು. ಶೌಚಾಲಯ ಬಂತು, ಪೈ ಬಿಡಲಿಲ್ಲ.

ಒಂದು ಭುಜಕ್ಕೆ ಶಸ್ತ್ರಚಿಕಿತ್ಸೆ ಆಗಿದೆ. ಟೈರಿನ ಅಂಚಿಗೆ ಬಳಿಯುವ ಸೋಪು ಚಳಿಗಾಲದಲ್ಲಿ ಬೆರಳುಗಳನ್ನು ಸೀಳುತ್ತದೆ. ನಟ್ಟು ಬಿಚ್ಚುವ ಗಾಳಿ ಗನ್ನು ವರ್ಷಗಟ್ಟಲೆ ಕಿರುಚಿ ಎಡಗಿವಿಯನ್ನು ಮಂದ ಮಾಡಿದೆ. ದಿನಕ್ಕೆ ಮೂವತ್ತೋ ನಲವತ್ತೋ ಟೈರು ಕೈದಾಟುತ್ತವೆ. ಮೊದಲ ಹಿಮ ಬಿದ್ದ ವಾರದಲ್ಲಿ ಲೆಕ್ಕ ಇಡುವುದಿಲ್ಲ. ಅವರು ಯಾವುದೇ ಹೊಸ ಜಾತಿಯ ಟೈರನ್ನು ಗಾಡಿಗೆ ಹಾಕಿ ತಾವೇ ಬೆಟ್ಟದ ಪೈನ್ ಲೇಕ್ ಏರನ್ನು ಹತ್ತದೆ ಯಾರಿಗೂ ಮಾರುವುದಿಲ್ಲ ಎಂಬುದು ಮಾಲೀಕರು ಬದಲಾದರೂ ಬದಲಾಗದ ನಿಯಮ.

ಈ ನಿಯಮಕ್ಕೆ ಈ ಸಲ ಸಿಕ್ಕಿಬಿದ್ದವಳು ಟೆಗನ್ ಡಿರೀನ್. ಮನೆಮನೆಗೆ ಹೋಗಿ ಶುಶ್ರೂಷೆ ಮಾಡುವ ನರ್ಸ್. ಅವಳದು ನಾಲ್ಕೂ ಚಕ್ರ ಎಳೆಯುವ ಪುಟ್ಟ ಎಸ್‌ಯುವಿ. ವಾರಕ್ಕೆರಡು ಸಲ ಅದು ಬೆಟ್ಟ ಹತ್ತಿ ಗ್ರೇಟ್ ಲೇಕ್ ದಂಡೆಗೆ ಹೋಗಬೇಕು. ಅಲ್ಲಿ ತನ್ನ ಮೀನುಗಾರಿಕೆಯ ಗುಡಿಸಿಲಲ್ಲಿ ಒಬ್ಬನೇ ಇರುವ ಎಂಬತ್ತಮೂರರ ಆಥಲ್ ವೇಲ್‌ನ ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟಬೇಕು. ಗಾಡಿಯ ಟೈರುಗಳು ಸವೆದು ಬೋಳಾಗಿವೆ. ಸೋಮವಾರದೊಳಗೆ ಚಳಿಗಾಲದ ದಾರಿಗೆ ತಕ್ಕ ಟೈರು ಹಾಕಿಸದಿದ್ದರೆ ಬೆಟ್ಟದ ಸುತ್ತು ಸೆಪ್ಟೆಂಬರ್‌ವರೆಗೆ ರದ್ದು ಎಂದು ಅವಳ ಕಚೇರಿ ಹೇಳಿದೆ. ರದ್ದಾದರೆ ಆಥಲ್ ಕೆಳಗಿಳಿದು ವೃದ್ಧಾಶ್ರಮ ಸೇರಬೇಕು. ಆತ ಇಳಿಯುವುದಿಲ್ಲ ಎಂದಿದ್ದಾನೆ. ಹುಣ್ಣು ಕಾಯುವುದಿಲ್ಲ ಎಂದು ಟೆಗನ್‌ಗೆ ಗೊತ್ತು.

ಟೆಗನ್ ಮುಂದಿನ ಎರಡನ್ನು ಮಾತ್ರ ಬದಲಿಸೋಣ ಎಂದು ಬಂದಿದ್ದಾಳೆ. ಅದು ಆಗದ ಮಾತು. ನಾಲ್ಕೂ ಚಕ್ರ ಎಳೆಯುವ ಗಾಡಿಯಲ್ಲಿ ಎರಡು ಹೊಸತು, ಎರಡು ಬೋಳು ಎಂದರೆ ಸಮವಲ್ಲದ ಕಾಲಿನಲ್ಲಿ ಓಡಿದ ಹಾಗೆ. ಒಳಗಿನ ಹಲ್ಲುಚಕ್ರಗಳು ಸೊಂಟ ಮುರಿದುಕೊಳ್ಳುತ್ತವೆ. ಲಿಂಡ್ಸೆ ತನ್ನ ಪಿಕಪ್ಪಿಗೆ ಹಾಕಿಕೊಂಡಂಥ, ದಪ್ಪ ಗಡ್ಡೆಗಳ ಕೆಸರಿನ ಟೈರೇ ಸರಿ ಎನ್ನುತ್ತಾನೆ. ನೋಡಿದರೇ ಹಿಮ ಹೆದರಿ ಓಡಬೇಕು ಎಂಬುದು ಅವನ ವಾದ.

"ಅವಳು ಹೋಗೋದು ಪಟ್ಟಿ ಕಟ್ಟೋಕೆ ಕಣೋ, ಜಿಂಕೆ ಬೇಟೆಗಲ್ಲ," ಎನ್ನುತ್ತಾರೆ ನೊಯೆಲಿನ್. ಆ ಗಡ್ಡೆಗಳು ಕೆಸರಿನಲ್ಲಿ ಹುಲಿ, ಒದ್ದೆ ಡಾಂಬರಿನಲ್ಲಿ ಸೋಪು. ಹಾಗೆಂದು ಬರೀ ಹಿಮದ ಟೈರು ಹಾಕಿದರೆ ಜನವರಿಯ ಬೇಸಿಗೆ ಬಿಸಿಲಿಗೆ ರಬ್ಬರು ಬೆಣ್ಣೆಯ ಹಾಗೆ ಸವೆಯುತ್ತದೆ, ಮತ್ತೆ ಎರಡು ಜೊತೆ ಇಟ್ಟುಕೊಂಡು ಋತುವಿಗೊಮ್ಮೆ ಬಿಚ್ಚಿ ಹಾಕಲು ಟೆಗನ್‌ಗೆ ಪುರುಸೊತ್ತೆಲ್ಲಿ? ಉಳಿದದ್ದು ಎಲ್ಲ ಕಾಲಕ್ಕೂ ಒಗ್ಗುವ ಟೈರು. ಅದನ್ನು ನೊಯೆಲಿನ್ ಇಷ್ಟು ವರ್ಷ ಬೈದೇ ಬಂದವರು. ಎಲ್ಲ ಕಾಲಕ್ಕೂ ಎಂದರೆ ಯಾವ ಕಾಲಕ್ಕೂ ಅಲ್ಲ, ಊರಿಗೆಲ್ಲ ನೆಂಟ, ಮನೆಗೆ ದಂಡ ಎಂದು ಹೀಯಾಳಿಸಿದವರು. ಈಗ ಬಂದಿರುವವು ಬೇರೆ ಎಂದು ಗೋದಾಮಿನವರು ಹೇಳುತ್ತಾರೆ. ಪಕ್ಕದಲ್ಲಿ ಬೆಟ್ಟದ ಚಿತ್ರ, ಅದರೊಳಗೊಂದು ಹಿಮದ ಹೂವು. ಆ ಗುರುತಿದ್ದರೆ ಹಿಮದಲ್ಲಿ ಪರೀಕ್ಷೆ ಆಗಿದೆ ಎಂದರ್ಥ.

"ಅವರ ಹಿಮದಲ್ಲಿ ಆಗಿರಬಹುದು," ಎನ್ನುತ್ತಾರೆ ನೊಯೆಲಿನ್. "ನಮ್ಮ ಹಿಮದಲ್ಲಿ ಆಗ್ಲಿ."

ಶುಕ್ರವಾರ ಬೆಳಗ್ಗೆ ನಾಲ್ಕೂ ಟೈರು ಕೂರುತ್ತವೆ. ತಯಾರಾದ ವಾರ ಯಾವುದೆಂದು ಪಕ್ಕದ ಅಂಕಿ ಓದಿ, ತಿರುಗುವ ದಿಕ್ಕಿನ ಬಾಣ ನೋಡಿ, ರಿಮ್ಮಿನ ಅಂಚಿಗೆ ಸೀಸದ ತುಂಡು ಬಡಿದು ತೂಕ ಸಮ ಮಾಡಿ ನೊಯೆಲಿನ್ ತಾವೇ ಚಾಲಕರ ಸೀಟಿಗೆ ಏರುತ್ತಾರೆ. ಟೆಗನ್ ಎಡಗಡೆ ಕೂರುತ್ತಾಳೆ, ಮಡಿಲಲ್ಲಿ ಪಟ್ಟಿಯ ಚೀಲ. ಲಿಂಡ್ಸೆ ಅಪರೂಪಕ್ಕೆ ಗಾಡಿಯ ಗಾಜು ಒರೆಸಿ, ಅಪರೂಪಕ್ಕೆ ಬಾಗಿಲು ಹಾಕಿಕೊಡುತ್ತಾನೆ. ಇಂಥ ಮರ್ಯಾದೆಗೆ ಅನುಮಾನ ಪಡಬೇಕಿತ್ತು, ಪಡಲು ಪುರುಸೊತ್ತಿಲ್ಲ.

ಗೋಲ್ಡನ್ ವ್ಯಾಲಿ ದಾಟುವವರೆಗೆ ಒದ್ದೆ ರಸ್ತೆ. ನೊಯೆಲಿನ್ ಎರಡು ಕಡೆ ಜೋರಾಗಿ ಬ್ರೇಕು ಒತ್ತಿ ನೋಡುತ್ತಾರೆ. ಗಾಡಿ ಸೊಂಟ ಕುಣಿಸದೆ ನಿಲ್ಲುತ್ತದೆ. ಒಂದು ಜಲ್ಲಿ ದಾರಿಗೆ ತಿರುಗಿಸಿ ಹಿಂದೆ ಬರುತ್ತಾರೆ. ಬೈಯಲು ಏನೂ ಸಿಗದ ಅತ್ತೆಯ ಹಾಗೆ ತುಟಿ ಬಿಗಿಯುತ್ತಾರೆ. ಏರು ಶುರುವಾಗುತ್ತದೆ. ಮೊದಲ ಬಲ ತಿರುವು.

ಕೀಂಯ್.

ನೊಯೆಲಿನ್ ಕಿವಿ ನಿಮಿರುತ್ತದೆ. ಎಡ ತಿರುವಿನಲ್ಲಿ ಸದ್ದಿಲ್ಲ. ಮತ್ತೆ ಬಲಕ್ಕೆ ತಿರುಗಿದಾಗ, ಕೀಂಯ್. ಗಾಡಿ ನಿಲ್ಲಿಸಿ ಟಾರ್ಚು ಹಿಡಿದು ಹಿಮಗಟ್ಟಿದ ರಸ್ತೆಯಂಚಿನಲ್ಲಿ ಮಲಗುತ್ತಾರೆ. ಬಲಕ್ಕೆ ತಿರುಗಿದಾಗ ಭಾರವೆಲ್ಲ ಎಡಕ್ಕೆ ವಾಲುತ್ತದೆ. ಹಾಗಾಗಿ ಕಳ್ಳ ಎಡ ಮುಂದಿನ ಟೈರು. ಬೆರಳಿಂದ ಪ್ರತಿ ಸಂದಿ ತಡವುತ್ತಾರೆ. ಕಲ್ಲಿಲ್ಲ, ಉಬ್ಬಿಲ್ಲ, ಉಜ್ಜಿದ ಗುರುತಿಲ್ಲ. ಎದ್ದು ನಿಂತು ಅದೇ ಸದ್ದನ್ನು ತಮ್ಮ ಬಾಯಲ್ಲೇ ಹೊರಡಿಸುತ್ತಾರೆ: "ಕೀಂಯ್. ಅಲ್ಲ, ಇನ್ನೂ ಸಣ್ಣಕ್ಕೆ. ಕ್ಯೂಂಯ್." ಅತ್ತ ಪೊದೆಯಲ್ಲಿದ್ದ ಒಂದು ವಾಲಬಿ, ಕಾಂಗರೂವಿನ ಪುಟ್ಟ ನೆಂಟ, ತಲೆಯೆತ್ತಿ ನೋಡಿ, ಇದು ತನ್ನ ಭಾಷೆಯಲ್ಲ ಎಂದು ಖಚಿತ ಮಾಡಿಕೊಂಡು ಹೊರಟುಹೋಗುತ್ತದೆ.

ಟೆಗನ್ ಇಳಿಯಬೇಕಾಗುತ್ತದೆ. ಅವಳು ತಿರುವಿನಲ್ಲಿ ನಿಂತು ಹೊರಗಿನಿಂದ ಕೇಳಬೇಕು. ನೊಯೆಲಿನ್ ಒಬ್ಬರೇ ಹಿಂದಕ್ಕೆ ಹೋಗಿ ಮತ್ತೆ ಬರುತ್ತಾರೆ. ಒಳಗೂ ಸದ್ದಿಲ್ಲ, ಹೊರಗೂ ಸದ್ದಿಲ್ಲ. ಅವಳನ್ನು ಹತ್ತಿಸಿಕೊಂಡು ಮತ್ತದೇ ತಿರುವು: ಕೀಂಯ್. ಅಲ್ಲಿಗೆ ನೊಯೆಲಿನ್‌ಗೆ ಎಲ್ಲ ಬೆಳಕಾಗುತ್ತದೆ. ಆ ಬೆಳಕೇ ಎಡವಟ್ಟು.

"ಎಡಗಡೆ ಭಾರ ಬಿದ್ರೆ ಕೂಗತ್ತೆ. ಟೈರಿನ ಪಕ್ಕೆ ಮೆತ್ತಗಿದೆ."

ಟೆಗನ್ ನಿಧಾನವಾಗಿ ಅವರ ಕಡೆ ತಿರುಗುತ್ತಾಳೆ. "ನಾನು ಕೂತ್ರೆ ಟೈರು ಅಳತ್ತೆ ಅಂತೀಯಾ, ನೋಲ್?"

"ನಿನ್ನನ್ನಲ್ಲ ಮಾರಾಯ್ತಿ, ಟೈರನ್ನ ಬೈತಿದ್ದೀನಿ."

ಪೈನ್ ಲೇಕ್ ಹತ್ತಿರ ಬಿಸಿಲು ಬೀಳದ ತಿರುವಿನಲ್ಲಿ ತೆಳ್ಳನೆ ಹಿಮಗಟ್ಟಿದ ಡಾಂಬರು ಕಪ್ಪಗೆ ಹೊಳೆಯುತ್ತಿದೆ. ಕಣ್ಣಿಗೆ ನೀರು, ಕಾಲಿಗೆ ಗಾಜು; ನಮ್ಮೂರಿನ ಎಷ್ಟೋ ಗಾಡಿಗಳು ಚರಂಡಿ ಕಂಡದ್ದು ಇಲ್ಲೇ. ನೊಯೆಲಿನ್ ಬೇಕೆಂದೇ ಏರಿನ ನಡುವೆ ನಿಲ್ಲಿಸುತ್ತಾರೆ. ಮತ್ತೆ ಹೊರಡಿಸುತ್ತಾರೆ. ಚಕ್ರಗಳು ಒಂದು ಕ್ಷಣ ಗಾಜನ್ನು ನೆಕ್ಕುತ್ತವೆ, ಆಮೇಲೆ ಹಲ್ಲೂರುತ್ತವೆ. ಗಾಡಿ ಮೇಲೇರುತ್ತದೆ. ಟೆಗನ್ ಉಸಿರು ಬಿಡುತ್ತಾಳೆ. ಹಿಡಿತ ಒಳ್ಳೆಯದು ಎಂದು ನೊಯೆಲಿನ್ ಒಪ್ಪಿಕೊಳ್ಳುತ್ತಾರೆ, ಇಷ್ಟು ವರ್ಷದ ಬೈಗುಳವನ್ನು ನುಂಗಿಕೊಂಡು. ಮುಂದೆ ಬಲ ತಿರುವು. ಕೀಂಯ್.

"ಇದನ್ನ ನಿನಗೆ ಕೊಡಲ್ಲ," ಎನ್ನುತ್ತಾರೆ. "ಇಳಿದ ಕೂಡ್ಲೇ ಬಿಚ್ತೀನಿ. ಈ ಸದ್ದು ಏನಂತ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಹಾಕಿ ಕಳಿಸಿದ್ರೆ ನನಗೆ ನಿದ್ದೆ ಬರಲ್ಲ."

ಈ ಅಳತೆಯ ಬೇರೆ ಟೈರು ಮುಂದಿನ ವಾರದ ಮೊದಲು ಬರುವುದಿಲ್ಲ. ಸೋಮವಾರ ಕಾಯುವುದಿಲ್ಲ. ಟೆಗನ್ ಚೀಲದ ಪಟ್ಟಿಗಳನ್ನು ತೆಗೆದು, ಮಡಿಸಿ, ಮತ್ತೆ ಇಡುತ್ತಾಳೆ. ನೊಯೆಲಿನ್‌ಗೂ ಒಳಗೊಳಗೆ ಒಂದು ಕೊರೆತ. ಎಡಗಿವಿಯೇ ಮೋಸ ಮಾಡುತ್ತಿದೆಯೇ? ಟೈರು ಒಳ್ಳೆಯದಿದ್ದು ಕಿವಿ ಕೆಟ್ಟಿದ್ದರೆ ಒಬ್ಬ ಮುದುಕನನ್ನು ಮನೆ ಬಿಡಿಸಿದ ಪಾಪ ಯಾರದು? ಕಿವಿ ಸರಿಯಿದ್ದು ಟೈರು ಕೆಟ್ಟಿದ್ದರೆ ಈ ಹುಡುಗಿ ಚರಂಡಿಯಲ್ಲಿ. ಎರಡನ್ನೂ ತೂಗಿ ನೋಡುತ್ತಾರೆ. ಬಿಚ್ಚುವುದೇ ಸರಿ. ಹಲ್ಲು ಕಚ್ಚಿ ಸ್ಟೇರಿಂಗ್ ಹಿಡಿಯುತ್ತಾರೆ.

ಆಥಲ್ ಗುಡಿಸಿಲ ಬಾಗಿಲಲ್ಲೇ ನಿಂತಿದ್ದಾನೆ, ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಪಟ್ಟಿ. ಟೆಗನ್ ವಿಷಯ ಹೇಳುತ್ತಾಳೆ. ಆತ ಸರೋವರದ ಕಡೆ ನೋಡುತ್ತ, ಕೆಳಗಿನ ವೃದ್ಧಾಶ್ರಮದ ಕಿಟಕಿಯಿಂದ ಕಾರು ನಿಲ್ಲಿಸುವ ಜಾಗ ಕಾಣುತ್ತದೆ, ಅಲ್ಲಿ ಗಾಳ ಹಾಕಿದರೆ ಏನು ಸಿಗುತ್ತದೋ ಎನ್ನುತ್ತಾನೆ. ಯಾರೂ ನಗುವುದಿಲ್ಲ.

ಆಗ ಅವನ ನಾಯಿ ಪಿಕಲ್, ತೆರೆದಿದ್ದ ಎಡಬಾಗಿಲಿನಿಂದ ಗಾಡಿಗೆ ನುಗ್ಗುತ್ತದೆ. ಮೂಗನ್ನು ಸೀಟಿನ ಮಗ್ಗುಲಿನ ಸಂದಿಗೆ ತುರುಕಿ, ಗುರ್ ಎಂದು ಎಳೆದಾಡಿ, ಹಳದಿಯದೊಂದನ್ನು ಬಾಯಲ್ಲಿ ಕಚ್ಚಿಕೊಂಡು ಹೊರಗೆ ಹಾರುತ್ತದೆ.

ಕೀಂಯ್.

ರಬ್ಬರ್ ಕೋಳಿ. ಒತ್ತಿದರೆ ಕೂಗುವ, ನಾಯಿಗಳಿಗೆಂದು ಮಾರುವ ರಬ್ಬರ್ ಕೋಳಿ. ಲಿಂಡ್ಸೆಯ ಪಿಕಪ್ಪಿನಲ್ಲಿ ಅವನ ನಾಯಿಯ ಜೊತೆ ಸದಾ ಓಡಾಡುವ, ಒಂದು ಕಾಲು ಕಚ್ಚಿಹೋದ ಕೋಳಿ. ನೊಯೆಲಿನ್ ದಿನಾ ನೋಡುವಂಥದೇ. ಬಲ ತಿರುವಿನಲ್ಲಿ ಟೆಗನ್ ಎಡಕ್ಕೆ ವಾಲಿದಾಗೆಲ್ಲ ಸೀಟಿಗೂ ಬಾಗಿಲಿಗೂ ನಡುವೆ ಸಿಕ್ಕಿ ಅದು ಪ್ರಾಣ ಬಿಡುತ್ತಿತ್ತು. ಪಾದ್ರಿಗಳಿಂದ ಹಿಡಿದು ಕುರಿ ಸಾಕುವವರತನಕ ಊರನ್ನೆಲ್ಲ ಕೂಗಿಸಿದವರಿಗೆ, ಗಾಜು ಒರೆಸುವ ನೆಪದಲ್ಲಿ ಲಿಂಡ್ಸೆ ಕೊಟ್ಟ ಉತ್ತರ.

ಟೆಗನ್ ಹೆದರಿ ನೊಯೆಲಿನ್ ಮುಖ ನೋಡುತ್ತಾಳೆ. ಅವರ ಮೊಣಕೈಯಲ್ಲಿ ಇನ್ನೂ ಹಿಮ ಅಂಟಿದೆ, ಕೂದಲಲ್ಲಿ ಜಲ್ಲಿಯ ಪುಡಿ. ಅವರು ಪಿಕಲ್‌ನ ಬಾಯಿಂದ ಕೋಳಿಯನ್ನು ಬಿಡಿಸಿಕೊಳ್ಳುತ್ತಾರೆ. ಮಂದಗಿವಿಯ ಹತ್ತಿರ ಹಿಡಿದು ಒಮ್ಮೆ ಒತ್ತುತ್ತಾರೆ. ಇನ್ನೊಮ್ಮೆ ಒತ್ತುತ್ತಾರೆ. ವೈದ್ಯರಂತೆ ತಲೆಯಾಡಿಸುತ್ತಾರೆ.

"ಟೈರು ನಾಲ್ಕೂ ಇರ್ಲಿ ಟೆಗನ್. ಕಚೇರಿಗೆ ಫೋನ್ ಮಾಡು, ಚಳಿಗಾಲ ಪೂರ್ತಿ ಬರ್ತೀನಿ ಅಂತ. ಟೈರಿನವಳು ಒಪ್ಪಿದ್ದಾಳೆ ಅನ್ನು." ಆಮೇಲೆ ಆಥಲ್ ಕಡೆ ತಿರುಗಿ, "ನೀನು ಒಳಗೆ ಹೋಗಿ ಕಾಲು ಚಾಚಿ ಕೂತ್ಕೊ. ಎಲ್ಲೂ ಇಳಿಯೋ ಹಾಗಿಲ್ಲ."

ಆಥಲ್‌ನ ಗಲ್ಲ ಅದುರುತ್ತದೆ. ಟೆಗನ್ ಮೊದಲು ಚೀಲದಲ್ಲಿ ಮುಖ ಮುಚ್ಚಿಕೊಂಡು, ಆಮೇಲೆ ಮುಚ್ಚಿಕೊಳ್ಳದೆಯೇ ನಗುತ್ತಾಳೆ. ನೊಯೆಲಿನ್ ಗಂಭೀರವಾಗಿ ಎಡ ಮುಂದಿನ ಟೈರಿನ ಬಳಿ ಹೋಗಿ, ಅದರ ನೆತ್ತಿ ತಟ್ಟಿ, ತಪ್ಪಾಯಿತು ಎಂದು ಕ್ಷಮೆ ಕೇಳುತ್ತಾರೆ. ಕೇಳುತ್ತಿರುವಾಗಲೇ ಭುಜ ಕುಲುಕತೊಡಗುತ್ತದೆ. ಟೆಗನ್, ಆಥಲ್ ಇಬ್ಬರೂ ಒಳಗೆ ಹೋಗಿ, ನಕ್ಕು ಮುಗಿಸಿ, ಕಣ್ಣೊರೆಸಿಕೊಂಡು, ಹಳೆಯ ಪಟ್ಟಿ ಬಿಚ್ಚಿ, ಗಾಯ ತೊಳೆದು, ಹೊಸ ಪಟ್ಟಿಯ ಕೊನೆಯ ಗಂಟು ಹಾಕುವ ಹೊತ್ತಿಗೂ, ಹೊರಗೆ ಟೈರಿಗೆ ಬೆನ್ನು ಕೊಟ್ಟು ನೆಲದಲ್ಲಿ ಕೂತ ನೊಯೆಲಿನ್ ಪೈಬಸ್ ಅವರ ನಗು ಸರೋವರದ ಆಚೆ ದಡ ಮುಟ್ಟಿ ಬರುತ್ತಲೇ ಇದೆ.