ಅರ್ಜಿಯಲ್ಲಿ ಬರೆದ ತಂಗಿ

ಮ್ಯಾನ್‌ಹಾಟನ್ನಿಗೆ ಒಂದು ಗಂಟೆ ದಾರಿಯ ಮನ್ರೋ ಊರಿನ ಶಿವಗಂಗಮ್ಮನಿಗೆ "ನೀವು ಚಿತ್ರ ಬರೀತೀರಂತಲ್ಲ ಆಂಟಿ" ಅಂತ ಯಾರಾದರೂ ಕೇಳಿದರೆ, "ಬರಿಯೂದಲ್ರಿ, ಹೊಲಿಯೂದು. ಸೂಜಿ ಬಿಟ್ಟು ಪೆನ್ ಹಿಡದೀನಿ ಅಷ್ಟ" ಅಂತಾಳೆ. ಇದನ್ನು ವಿನಯ ಅಂದುಕೊಳ್ಳಬೇಡಿ, ವಿನಯ ಗಿನಯ ಆ ಹೆಂಗಸಿಗೆ ಅಷ್ಟಾಗಿ ಗೊತ್ತಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳೋದು ಅವಳ ಜಾಯಮಾನ. ಧಾರವಾಡದಲ್ಲಿ ಅವಳ ಅವ್ವ ಇಳಕಲ್ ಸೀರೆಗಳಿಗೆ ಕಸೂತಿ ಹಾಕುತ್ತಿದ್ದಳು. ಅದರಲ್ಲಿ ಗವಂತಿ ಅಂತ ಒಂದು ಹೊಲಿಗೆ. ದಾರ ಒಂದು ಜಾಗ ಹಿಡಿದು ಒಂದು ಜಾಗ ಬಿಟ್ಟು ಹೋಗಬೇಕು, ಆಮೇಲೆ ಹೋದ ದಾರಿಯಲ್ಲೇ ವಾಪಸು ಬರುತ್ತ ಬಿಟ್ಟ ಜಾಗ ತುಂಬಬೇಕು. ಗಂಟು ಹಾಕೋ ಹಾಗಿಲ್ಲ. ಬಟ್ಟೆ ತಿರುಗಿಸಿದರೂ ಅದೇ ಚಿತ್ರ ಕಾಣಬೇಕು.

ಶಿವಗಂಗಮ್ಮ ಅದನ್ನೇ ಕಾಗದದ ಮೇಲೆ ಕಪ್ಪು ಇಂಕಿನಲ್ಲಿ ಮಾಡುತ್ತಾಳೆ. ಅವ್ವ ಗೋಪುರ ಹಾಕುತ್ತಿದ್ದ ಜಾಗದಲ್ಲಿ ಮಗಳು ಮ್ಯಾನ್‌ಹಾಟನ್ ಕಟ್ಟಡಗಳ ನೆತ್ತಿಯ ನೀರಿನ ಟ್ಯಾಂಕುಗಳನ್ನು ಹಾಕುತ್ತಾಳೆ. ಆನೆಗಳ ಸಾಲು ಇರಬೇಕಾದಲ್ಲಿ ಟರ್ನ್‌ಪೈಕ್ ಹೆದ್ದಾರಿಯ ಟ್ರಕ್ಕುಗಳು. ಸೀಕಾಕಸ್ ರೈಲು ಸ್ಟೇಶನ್ನಿನ ಹಳಿಗಳನ್ನು ತುಳಸಿಕಟ್ಟೆಯ ಸುತ್ತಿನ ರಂಗೋಲಿಯಂತೆ ಹೆಣೆದದ್ದು ಒಂದಿದೆ, ನೋಡಬೇಕು ನೀವು. ಆಸ್ಪತ್ರೆಯ ಲ್ಯಾಬಿನಲ್ಲಿ ಇಪ್ಪತ್ತೇಳು ವರ್ಷ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ರಕ್ತದ ಸ್ಲೈಡು ನೋಡಿದವಳು, ಒಂದು ಟ್ಯಾಂಕಿಗೆ ಮೂರು ದಿನ ಕೂತರೂ ಬೇಜಾರಿಲ್ಲ. ಅವಳ ಗಂಡ ಶರಣಬಸಪ್ಪ ಮಾತ್ರ, "ನಮ್ಮ ಮನ್ಯಾಗ ಟ್ಯಾಂಕ್ ತುಂಬೂದರಾಗ ಊರ ಕೆರಿ ತುಂಬ್ತದ ನೋಡ್ರಿ" ಅಂತ ಬಂದವರಿಗೆಲ್ಲ ಹೇಳಿ ನಗುತ್ತಿದ್ದ.

ಅವಳಿಗೆ ಒಂದೇ ಒಂದು ಆಸೆ ಇತ್ತು. ಹಡ್ಸನ್ ದಂಡೆಯ ಊರೊಂದರಲ್ಲಿ ನೂರಾ ಹದಿನಾಲ್ಕು ವರ್ಷದ ಹಳೆಯ ಕಲಾವಿದರ ಸಂಘವಿದೆ. ಕೆಂಪು ಇಟ್ಟಿಗೆಯ ಕಟ್ಟಡ, ಒಳಗೆ ಎರಡು ಹಾಲ್‌ಗಳು. ಪ್ರತಿ ಅಕ್ಟೋಬರಿನಲ್ಲಿ ಅಲ್ಲಿ ಸದಸ್ಯರ ಪ್ರದರ್ಶನ. ಹೊರಗಿನವರು ಅರ್ಜಿಯ ಜೊತೆ ಒಂದು ಚಿತ್ರ ಕೊಡಬೇಕು. ಕಮಿಟಿ ಒಪ್ಪಿದರೆ ಚಿತ್ರ ಗೋಡೆಗೆ, ಹೆಸರು ಸದಸ್ಯರ ಪಟ್ಟಿಗೆ. ಮೂರು ಸಲ ಬೇಡ ಅನ್ನಿಸಿಕೊಂಡರೆ ಮತ್ತೆ ಐದು ವರ್ಷ ಅರ್ಜಿ ಹಾಕುವಂತಿಲ್ಲ. ಶಿವಗಂಗಮ್ಮ ಎರಡು ಸಲ ಅನ್ನಿಸಿಕೊಂಡಾಗಿತ್ತು. ಈಗ ವಯಸ್ಸು ಅರವತ್ತಾರು, ಬಲಗೈ ಹೆಬ್ಬೆರಳು ಬೆಳಗಿನ ಹೊತ್ತು ಸಣ್ಣಗೆ ನಡುಗೋಕೆ ಶುರುವಾಗಿತ್ತು. ಐದು ವರ್ಷ ಕಾದು ಗೆರೆ ಎಳೆಯೋದು ಆಗದ ಮಾತು ಅಂತ ಅವಳಿಗೇ ಗೊತ್ತಿತ್ತು. ಈ ಸಲ ಆದರೆ ಆಯಿತು, ಇಲ್ಲವಾದರೆ ಇಲ್ಲ.

ಆ ಸಂಘಕ್ಕೆ ಅವಳನ್ನು ಕರೆದುಕೊಂಡು ಹೋದವಳು ಸ್ಮಿತಾ. ಸ್ಮಿತಾಳ ವಿಷಯ ಸ್ವಲ್ಪ ಹೇಳಲೇಬೇಕು. ಮೈಸೂರಿನ ಹುಡುಗಿ. ಹದಿನಾಲ್ಕು ವರ್ಷದ ಹಿಂದೆ ಗಂಡನ ಜೊತೆ ಪಾರ್ಸಿಪನಿಯ ಬಾಡಿಗೆ ಅಪಾರ್ಟ್‌ಮೆಂಟಿಗೆ ಬಂದಿಳಿದಾಗ ತುಂಬು ಬಸುರಿ, ಹೊರಗೆ ಮೊಣಕಾಲುದ್ದ ಸ್ನೋ. ಹೆರಿಗೆಗೆ ಬರಬೇಕಿದ್ದ ತಾಯಿಗೆ ವೀಸಾ ಸಿಗಲಿಲ್ಲ. ಕನ್ನಡ ಕೂಟದಲ್ಲಿ ಒಂದೇ ಒಂದು ಸಲ ಮಾತಾಡಿಸಿದ್ದ ಶಿವಗಂಗಮ್ಮ ಲ್ಯಾಬಿಗೆ ಮೂರು ವಾರ ರಜೆ ಹಾಕಿ ಹೋಗಿ ಬಾಣಂತನ ಮಾಡಿದಳು. ಅಂಟಿನುಂಡೆ ಕಟ್ಟಿದಳು, ಕೂಸಿಗೆ ಎಣ್ಣೆ ಹಚ್ಚಿ ಎರೆದಳು, ತಾಯಿಯ ಸೊಂಟಕ್ಕೆ ಬಟ್ಟೆ ಬಿಗಿದಳು. ಆವತ್ತಿನಿಂದ ಸ್ಮಿತಾಗೆ ಇವಳು "ಅಕ್ಕ". ಕೂಸು ಆನ್ಯಾಗೆ "ದೊಡ್ಡಮ್ಮ". ಶಿವಗಂಗಮ್ಮನಂತೂ ಯಾರು ಕೇಳಿದರೂ "ಈಕಿ ನಮ್ಮ ತಂಗಿ" ಅಂತಲೇ ಪರಿಚಯ ಮಾಡಿಸುತ್ತಿದ್ದಳು. ಒಡಹುಟ್ಟಿದವಳಲ್ಲ ಅಂತ ನಮ್ಮವರಿಗೆ ಬಿಡಿಸಿ ಹೇಳಬೇಕೇ? ಎಲ್ಲರಿಗೂ ತಿಳಿಯುತ್ತಿತ್ತು.

ಸ್ಮಿತಾ ಚಿತ್ರಕಲೆ ಓದಿಕೊಂಡವಳು, ಆರು ವರ್ಷದಿಂದ ಸಂಘದ ಸದಸ್ಯೆ. ಶಿವಗಂಗಮ್ಮನ ಅಡುಗೆಮನೆ ಟೇಬಲ್ಲಿಗೆ ಬಂದು ಕೂತು, "ಅಕ್ಕಾ, ಈ ಮೂಲೆ ಹೇಗೆ ತಿರುಗಿಸ್ತೀರಿ, ತೋರಿಸಿ" ಅಂತ ಕೇಳಿ ಕೇಳಿ ಗವಂತಿಯನ್ನೂ ಕಲಿತುಕೊಂಡಳು. ಇವಳೂ ಒಂದನ್ನೂ ಮುಚ್ಚಿಡದೆ ಕಲಿಸಿದಳು. ಈ ವರ್ಷ ಏಪ್ರಿಲ್‌ನಲ್ಲಿ ಸ್ಮಿತಾ ಸಂಘದ ಕಮಿಟಿಗೆ ಆಯ್ಕೆಯಾದಳು. ಶಿವಗಂಗಮ್ಮ ಸಂಭ್ರಮದಿಂದ ಹೋಳಿಗೆ ಮಾಡಿ ಬಡಿಸಿದಳು.

ಜೂನಿನಲ್ಲಿ ಮೂರನೇ ಅರ್ಜಿ, ಜೊತೆಗೆ ಆ ಸೀಕಾಕಸ್ ಸ್ಟೇಶನ್ನಿನ ಚಿತ್ರ. ಆ ಸಂಘದವರು ಇನ್ನೂ ಹಳೇ ಕಾಲದವರು, ಕಾಗದದ ಮೇಲೆ ಪೆನ್ನಿನಲ್ಲಿ ತುಂಬಬೇಕು. ನಮ್ಮ ಸಂಘದ ಪರಿಚಯ ನಿಮಗೆ ಹೇಗಾಯಿತು ಅಂತ ಒಂದು ಪ್ರಶ್ನೆಯಿತ್ತು. ಶಿವಗಂಗಮ್ಮ ದುಂಡಗಿನ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ, "ನನ್ನ ತಂಗಿ ಸ್ಮಿತಾ ನಿಮ್ಮ ಸದಸ್ಯೆ, ನನ್ನ ಕೈ ಹಿಡಿದು ಕರೆತಂದವಳು ಅವಳೇ" ಅಂತ ಬರೆದಳು. ತಂಗಿಗೆ ಇಂಗ್ಲಿಷಿನಲ್ಲಿ ಬೇರೆ ಏನು ಬರೀತಾರೆ, ನೀವೇ ಹೇಳಿ. ಸಿಸ್ಟರ್ ಅಂತ ಬರೆದಳು. ಅದನ್ನು ಸ್ಮಿತಾಗೇ ಕೊಟ್ಟು, "ಸ್ಪೆಲಿಂಗ್ ತಪ್ಪೇನರ ಐತೇನು ನೋಡವ್ವಾ" ಅಂದಳು. ಸ್ಮಿತಾ ಓದಿದಳು. ಅವಳ ಕಣ್ಣಲ್ಲಿ ನೀರಾಡಿತು. "ಏನೂ ತಪ್ಪಿಲ್ಲ ಅಕ್ಕಾ, ಹೀಗೇ ಇರಲಿ" ಅಂತ ಕವರಿನಲ್ಲಿ ಹಾಕಿಕೊಂಡು ತಾನೇ ಒಯ್ದು ಕೊಟ್ಟಳು.

ಆಗಸ್ಟಿನಲ್ಲಿ ಪತ್ರ ಬಂತು. ಎರಡೇ ಸಾಲು, ತಮ್ಮನ್ನು ತೆಗೆದುಕೊಳ್ಳಲು ಆಗುತ್ತಿಲ್ಲ, ಕ್ಷಮಿಸಿ. ಕಾರಣ ಬರೆದಿರಲಿಲ್ಲ. ಸ್ಮಿತಾ ಆ ಶನಿವಾರ ಮನೆಗೆ ಬಂದು ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡು, "ಕಾಂಪೊಸಿಶನ್ ವೀಕ್ ಅಂದ್ರು ಅಕ್ಕಾ. ನಾನು ತುಂಬಾ ಫೈಟ್ ಮಾಡಿದೆ, ಯಾರೂ ಕೇಳಲಿಲ್ಲ" ಅಂದಳು. ಶಿವಗಂಗಮ್ಮ, "ಹೋಗ್ಲಿ ಬಿಡು, ನೀ ಯಾಕ ಬ್ಯಾಸರಾ ಮಾಡ್ಕೋತಿ" ಅಂತ ಅವಳನ್ನೇ ಸಮಾಧಾನ ಮಾಡಿ ಕಳಿಸಿದಳು. ಆಮೇಲೆ ಎರಡು ತಿಂಗಳು ಪೆನ್ನು ಮುಟ್ಟಲಿಲ್ಲ. ತನ್ನ ಹಳೇ ಚಿತ್ರಗಳನ್ನು ಗೋಡೆಯಿಂದ ಇಳಿಸಿ ನೋಡುತ್ತ, ಎಲ್ಲಿ ವೀಕು, ಯಾವ ಮೂಲೆ ವೀಕು ಅಂತ ಹುಡುಕುತ್ತಿದ್ದಳು. ಶರಣಬಸಪ್ಪ ಟ್ಯಾಂಕಿನ ಜೋಕು ಹೇಳೋದನ್ನೇ ಬಿಟ್ಟ.

ಅಕ್ಟೋಬರಿನ ಪ್ರದರ್ಶನದ ಮೊದಲ ದಿನ, ಮಧ್ಯಾಹ್ನ ಎರಡಕ್ಕೆ, ಗಂಡ ಹೆಂಡತಿ ಮನೆಯಲ್ಲೇ ಮಾಡಿದ ಪೇಢೆಯ ಡಬ್ಬಿ ಹಿಡಿದು ಹೋದರು. ತನಗಾಗಲಿಲ್ಲ, ತಂಗಿಯ ಚಿತ್ರವಾದರೂ ಇದೆಯಲ್ಲ ಅಂತ. ಶರಣಬಸಪ್ಪ ಪಾರ್ಕಿಂಗ್ ಹುಡುಕುತ್ತಾ ಉಳಿದ, ಇವಳು ಒಳಗೆ ಬಂದಳು. ದೊಡ್ಡ ಹಾಲಿನ ಎದುರು ಗೋಡೆಯಲ್ಲಿ ಸ್ಮಿತಾಳ ಮೂರು ಚಿತ್ರ. ಕಪ್ಪು ಇಂಕು, ನೀರಿನ ಟ್ಯಾಂಕು, ಟ್ರಕ್ಕಿನ ಸಾಲು. ಶಿವಗಂಗಮ್ಮ ನಿಂತಲ್ಲೇ ನಿಂತಳು. ಇದು ನನ್ನದಲ್ಲವೇ? ಹತ್ತಿರ ಹೋಗಿ ನೋಡಿದಳು. ಅಲ್ಲ, ಗೆರೆಯನ್ನು ಹಾಗೇ ಸ್ಕೇಲಿಟ್ಟು ಎಳೆದು, ಮೇಲೆ ಬಿಳಿ ಚುಕ್ಕೆ ಇಟ್ಟು ಹೊಲಿಗೆಯಂತೆ ಕಾಣುವ ಹಾಗೆ ಮಾಡಿದ್ದಳು ಸ್ಮಿತಾ. ಕೆಳಗಿನ ಚೀಟಿಯಲ್ಲಿ, ನಮ್ಮ ಮನೆತನದ ಹೆಂಗಸರಿಂದ ಬಂದ ಕಲೆ ಅಂತ ಬರೆದಿತ್ತು. ಮೈಸೂರಿನ ಯಾವ ಮನೆತನದಲ್ಲಿ ಯಾವ ಹೆಂಗಸು ಗವಂತಿ ಹಾಕಿದ್ದಳಪ್ಪಾ? ಆದರೂ ತಡೆದುಕೊಂಡಳು. ಕಲಿಸಿದ್ದು ನಾನೇ, ಕಲಿತದ್ದನ್ನು ಬರೆದರೆ ತಪ್ಪೇನು, ಮನೆತನ ಅಂದರೆ ನನ್ನನ್ನೇ ಅಂದಿರಬೇಕು ಅಂತ ಮನಸ್ಸಿಗೆ ಹೇಳಿಕೊಂಡಳು. ಪಾಪದ ಹೆಂಗಸು, ಅಷ್ಟೊತ್ತಿಗೂ ಸ್ಮಿತಾಳ ಕಡೆಯೇ ವಾದ ಮಾಡುತ್ತಿದ್ದಳು.

ಆಗ ಟೋನಿ ಬಂದ. ಸಂಘದ ಕಾರ್ಯದರ್ಶಿ, ಎಂಬತ್ತರ ಹತ್ತಿರದ ಮುದುಕ, ಪ್ರತಿ ಚಿತ್ರವನ್ನೂ ತನ್ನ ಕೈಯಾರೆ ಅಳೆದು ತೂಗುಹಾಕುವವನು. "ನೀವು ಸ್ಮಿತಾಳ ಅಕ್ಕ ಅಲ್ಲವೇ!" ಅಂತ ಎರಡೂ ಕೈ ಹಿಡಿದುಕೊಂಡ. ಅವನ ಇಂಗ್ಲಿಷನ್ನು ನಮ್ಮ ಮಾತಿನಲ್ಲಿ ಹೇಳಿದರೆ ಹೀಗೆ: "ಎಂಥ ಅನ್ಯಾಯವಾಯಿತು ನೋಡಿ. ನಿಮ್ಮ ಆ ರೈಲು ಸ್ಟೇಶನ್ನಿನ ಚಿತ್ರಕ್ಕೆ ಕಮಿಟಿಯಲ್ಲಿ ಎಲ್ಲರೂ ಕೈ ಎತ್ತಿದ್ದರು. ಇಷ್ಟು ವರ್ಷದಲ್ಲಿ ನಾನು ಅಂಥದ್ದು ಕಂಡಿಲ್ಲ. ಏನು ಮಾಡೋದು, ಕಮಿಟಿಯವರ ರಕ್ತಸಂಬಂಧಿಗಳನ್ನು ತೆಗೆದುಕೊಳ್ಳಬಾರದು ಅಂತ ನಮ್ಮದೊಂದು ಹಳೇ ನಿಯಮ."

ಶಿವಗಂಗಮ್ಮನಿಗೆ ಮೊದಲು ತಿಳಿಯಲಿಲ್ಲ. "ಯಾರ ಸಂಬಂಧಿ?" ಅಂದಳು.

"ಅರ್ಜಿಯಲ್ಲಿ ಸಿಸ್ಟರ್ ಅಂತ ನೀವೇ ಬರೆದಿದ್ದಿರಿ. ನನಗೆ ಅನುಮಾನ ಬಂತು, ನಿಮ್ಮವರಲ್ಲಿ ಸುಮ್ಮನೆ ಹಾಗೆ ಕರೆಯೋ ರೂಢಿ ಉಂಟಂತಲ್ಲ. ಅದಕ್ಕೇ ಸ್ಮಿತಾಳನ್ನು ಕೇಳಿದೆ, ಸ್ವಂತ ಅಕ್ಕನೇ ಅಂತ. ಪಾಪ, ತಲೆ ತಗ್ಗಿಸಿಕೊಂಡು ಹೌದು ಅಂದಳು."

ಶಿವಗಂಗಮ್ಮನಿಗೆ ಈಗ ತಿಳಿಯಿತು. ಚಿತ್ರ ಚೆನ್ನಾಗಿತ್ತು. ಎಲ್ಲರೂ ಕೈ ಎತ್ತಿದ್ದರು. ಎರಡು ತಿಂಗಳು ತಾನು ಹುಡುಕಿದ ವೀಕು ಎಲ್ಲೂ ಇರಲಿಲ್ಲ.

ಅಷ್ಟರಲ್ಲಿ ಸ್ಮಿತಾ, "ಅಕ್ಕಾ! ಬಂದ್ರಾ!" ಅಂತ ರೇಷ್ಮೆ ಸೆರಗು ಹಾರಿಸಿಕೊಂಡು ಬಂದಳು. ಇವಳ ಮುಖ ನೋಡಿದಳು, ಟೋನಿಯ ಮುಖ ನೋಡಿದಳು.

"ಸ್ವಂತ ಅಕ್ಕ ಅಂದಿಯಂತ?" ಅಂದಳು ಶಿವಗಂಗಮ್ಮ, ಕನ್ನಡದಲ್ಲೇ.

"ನೀವೇ ಬರೆದಿದ್ರಲ್ಲ ಅಕ್ಕಾ," ಅಂದಳು ಸ್ಮಿತಾ, ದನಿ ಸಣ್ಣಗೆ ಮಾಡಿ. "ಅಷ್ಟು ಪ್ರೀತಿಯಿಂದ ಬರೆದಿದ್ರಿ. ಅಷ್ಟು ಜನರ ಮುಂದೆ ನೀವು ನನ್ನ ಅಕ್ಕ ಅಲ್ಲ ಅನ್ನೋಕೆ ನನಗೆ ಬಾಯೇ ಬರಲಿಲ್ಲ."

ನಿಜ ಹೇಳಬೇಕೆಂದರೆ, ಒಂದು ಗಳಿಗೆ ಶಿವಗಂಗಮ್ಮನ ಕರುಳು ಕರಗಿತು. ಹಾಗೂ ಇರಬಹುದಲ್ಲ ಅನ್ನಿಸಿತು. ಆಮೇಲೆ ಆಗಸ್ಟಿನ ಶನಿವಾರ ನೆನಪಾಯಿತು. ಅದರ ಹಿಂದೆಯೇ, ಹೀಗೇ ಇರಲಿ ಅಂತ ಅರ್ಜಿಯನ್ನು ಕವರಿಗೆ ಹಾಕಿಕೊಂಡದ್ದು.

"ಕಾಂಪೊಸಿಶನ್ ವೀಕ್ ಐತಿ ಅನ್ನಾಕ ಬಾಯಿ ಬಂತಲ್ಲ?" ಅಂದಳು. "ನನ್ನ ಮನ್ಯಾಗ ಕೂತು, ನನ್ನ ಕೈ ಹಿಡಕೊಂಡು ಅಂದಿ. ಅದಕ್ಕ ಬಾಯಿ ಎಲ್ಲಿಂದ ಬಂತು ನಿನಗ? ನನ್ನ ಚಿತ್ರಾ ಬಾಜೂಕ ಇದ್ರ ನಿನ್ನ ಬಣ್ಣ ಬಯಲಾಗತಿತ್ತು, ಹೌದಲ್ಲೋ?"

ಟೋನಿ ಇಬ್ಬರನ್ನೂ ನೋಡುತ್ತ, "ಏನಾದರೂ ತೊಂದರೆಯೇ?" ಅಂದ.

"ಅಕ್ಕಾ, ಪ್ಲೀಸ್," ಸ್ಮಿತಾ ತೋಳು ಹಿಡಿದಳು. ಮುಖದ ಮೇಲೆ ನಗು ಇಟ್ಟುಕೊಂಡೇ, ಟೋನಿಗೆ ತಿಳಿಯದ ಕನ್ನಡದಲ್ಲಿ ಗಡಿಬಿಡಿಯಾಗಿ ಹೇಳಿದಳು. "ಈಗ ಏನೂ ಹೇಳಬೇಡಿ. ಕಮಿಟಿ ಮುಂದೆ ಸುಳ್ಳು ಹೇಳಿದೆ ಅಂತ ಆಗುತ್ತೆ, ಚಿತ್ರಗಳನ್ನೂ ತೆಗೆದುಹಾಕ್ತಾರೆ, ನನ್ನನ್ನೂ ತೆಗೆದುಹಾಕ್ತಾರೆ. ಆನ್ಯಾಗೆ ನಾನು ಏನಂತ ಹೇಳಲಿ? ಅಕ್ಕ ಅಂತ ಕರೆದಿದೀನಲ್ಲ, ನನ್ನ ಮರ್ಯಾದೆ ನಿಮ್ಮ ಕೈಲಿದೆ."

ಆನ್ಯಾಳ ಹೆಸರು ಕೇಳಿದ್ದೇ ಶಿವಗಂಗಮ್ಮನಿಗೆ ಆ ಸ್ನೋದ ದಿನಗಳು ನೆನಪಾದವು. ಹುಟ್ಟಿದ ಮೂರನೇ ದಿನ ಕಾಲ ಮೇಲೆ ಹಾಕಿಕೊಂಡು ಎರೆದ ಕೂಸು. ಸುಮ್ಮನಿದ್ದರೆ ದೀಪಾವಳಿಗೆ ಆ ಕೂಸು ಮನೆಗೆ ಬಂದು ದೊಡ್ಡಮ್ಮಾ ಅನ್ನುತ್ತದೆ, ಎಲ್ಲ ಹಾಗೇ ನಡೆಯುತ್ತದೆ. ಐದು ವರ್ಷ ಕಳೆದ ಮೇಲೆ, ಕೈ ನೆಟ್ಟಗಿದ್ದರೆ, ಮತ್ತೊಂದು ಅರ್ಜಿ. ಮಾತಾಡಿದರೆ ಆ ಮನೆಯ ಬಾಗಿಲು ಇವತ್ತಿಗೇ ಮುಚ್ಚಿತು. ಸಿಟ್ಟಿಗಿಂತ ಹೆಚ್ಚಾಗಿ ಅಳು ಬರುತ್ತಿತ್ತು ಅವಳಿಗೆ. ಬೇರೆ ಯಾರಾದರೂ ಮಾಡಿದ್ದರೆ ಬೈದು ಮರೆತುಬಿಡುತ್ತಿದ್ದಳು. ಇವಳು ತನ್ನ ಪ್ರೀತಿಯ ಮಾತನ್ನೇ ಹಿಡಿದು ತನ್ನನ್ನು ಹೊರಗೆ ಹಾಕಿದ್ದಳು.

ಅವಳು ತೋಳು ಬಿಡಿಸಿಕೊಂಡು ಟೋನಿಯ ಕಡೆ ತಿರುಗಿದಳು. ಲ್ಯಾಬಿನಲ್ಲಿ ರಿಪೋರ್ಟ್ ಹೇಳುತ್ತಿದ್ದ ಇಂಗ್ಲಿಷಿನಲ್ಲಿ, ನಿಧಾನವಾಗಿ, "ಇವಳು ನನ್ನ ತಂಗಿಯಲ್ಲ. ರಕ್ತಸಂಬಂಧ ಇಲ್ಲ. ಅರ್ಜಿಯಲ್ಲಿ ತಪ್ಪು ಬರೆದದ್ದು ನಾನು. ಕೇಳಿದಾಗ ಸುಳ್ಳು ಹೇಳಿದ್ದು ಇವಳು" ಅಂದಳು.

ಟೋನಿ ಸ್ಮಿತಾಳ ಕಡೆ ನೋಡಿದ. ಸ್ಮಿತಾ ನೆಲ ನೋಡಿದಳು. ಮುದುಕ ಆಫೀಸಿಗೆ ಹೋಗಿ ಜೂನಿನ ಆ ಅರ್ಜಿಯನ್ನೇ ತಂದ. "ಮಂಗಳವಾರ ಕಮಿಟಿ ಕರೆಯುತ್ತೇನೆ. ಏನಾಗುತ್ತದೋ ನಾನೊಬ್ಬನೇ ಹೇಳಲಾರೆ. ಇದನ್ನು ತಿದ್ದಿ ಸಹಿ ಹಾಕಿ ಕೊಡುತ್ತೀರಾ?"

ಶಿವಗಂಗಮ್ಮ ಪೇಢೆಯ ಡಬ್ಬಿಯನ್ನು ಬೆಂಚಿನ ಮೇಲಿಟ್ಟು ಪೆನ್ನು ತೆಗೆದುಕೊಂಡಳು. ಸಿಸ್ಟರ್ ಅನ್ನೋ ಪದದ ಮೇಲೆ ಒಂದು ಗೆರೆ ಎಳೆದಳು. ಗೆರೆ ಸೊಟ್ಟಗಾಯಿತು. ಇನ್ನೊಮ್ಮೆ ಎಳೆದಳು. ಪಕ್ಕದಲ್ಲಿ "ಪರಿಚಯದವರು" ಅಂತ ಇಂಗ್ಲಿಷಿನಲ್ಲಿ ಬರೆದು ಸಹಿ ಹಾಕಿದಳು.

"ಅಕ್ಕಾ..." ಅಂದಳು ಸ್ಮಿತಾ. ಅಳುತ್ತಿದ್ದಳು, ಈ ಸಲ ನಿಜವಾಗಿಯೇ ಇರಬೇಕು. ಬಾಗಿಲಿಗೆ ಅಡ್ಡವಾಗಿ ನಿಂತಿದ್ದಳು.

ಹದಿನಾಲ್ಕು ವರ್ಷ ಏನವ್ವಾ, ಬಾರವ್ವಾ, ಉಂಡಿಯೇನು ಅಂತ ಬಿಟ್ಟರೆ ಬೇರೆ ಮಾತಾಡಿಸಿ ಗೊತ್ತಿರಲಿಲ್ಲ ಶಿವಗಂಗಮ್ಮನಿಗೆ. ಅವಳು ಸೆರಗು ಸರಿಮಾಡಿಕೊಂಡು, ಅಪರಿಚಿತರಿಗೆ ಹೇಳುವ ಹಾಗೆ ಮೆತ್ತಗೆ ಹೇಳಿದಳು.

"ಸ್ವಲ್ಪ ದಾರಿ ಬಿಡ್ರಿ, ಸ್ಮಿತಾ ಅವರ."