ಸುಂದರ ಆಚಾರಿಯ ಹಲಸಿನ ಗಿಟಾರು

ಪುತ್ತೂರು ಪೇಟೆಯಲ್ಲಿ ಮಿಷನನ್ನು ಬೈಯಲು ಸುಂದರ ಆಚಾರಿಗೆ ಹೊತ್ತುಗೊತ್ತು ಇರಲಿಲ್ಲ. ಕಡಬ, ಸುಳ್ಯಗಳಿಂದ ಕೆಟ್ಟ ಹಾರ್ಮೋನಿಯಂ, ಬಿರುಕುಬಿಟ್ಟ ಮದ್ದಳೆ ಹೊತ್ತು ತಂದವರು ಮೊದಲು ಆ ಬೈಗುಳ ಕೇಳಬೇಕು. "ಮಿಷನಿಗೆ ಕಿವಿ ಉಂಟಾ ಮಾರಾಯ್ರೆ? ಅದಕ್ಕೆ ಕೊಯ್ಯುದು ಮಾತ್ರ ಗೊತ್ತು." ಅವನ ಹಲಗೆ ಸೀಳಿಕೊಟ್ಟದ್ದೂ ಸಾಮಿಲ್ಲಿನ ಮಿಷನೇ ಎಂದು ಯಾರಾದರೂ ನೆನಪಿಸಿದರೆ, ಆ ದಿನ ಅವರ ಮದ್ದಳೆ ಮುಟ್ಟುತ್ತಿರಲಿಲ್ಲ.

೧೯೮೨ರಲ್ಲಿ ಅವನು ಒಂದು ಗಿಟಾರು ಮಾಡಿದ. ಚರ್ಚಿನ ಗಿಟಾರು ರಿಪೇರಿಗೆ ಬಂದಿದ್ದಾಗ ಅಳತೆ ತೆಗೆದಿಟ್ಟುಕೊಂಡಿದ್ದ. ಅದಕ್ಕಾಗಿ ಹಲಸಿನ ಹಲಗೆಯನ್ನು ಮೂರು ವರ್ಷ ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಒಣಗಿಸಿದ್ದ. ಹೆಂಡತಿ ಚೆನ್ನು ಒಣಮೀನು ಇಡುತ್ತಿದ್ದುದೂ ಅಲ್ಲೇ. ಹಾಗಾಗಿ ನಾದ ಹೇಗೋ ಏನೋ, ವಾಸನೆಯಂತೂ ಮನೆಯವರಿಗೆಲ್ಲ ಪರಿಚಯದ್ದೇ. ಯಾರಾದರೊಬ್ಬರು ಅದನ್ನು ವೇದಿಕೆಯಲ್ಲಿ ಬಾರಿಸಬೇಕು ಎಂಬುದೊಂದೇ ಅವನ ಆಸೆ. ಎರಡು ವರ್ಷ ಅದು ಗೋಡೆಯ ಮೊಳೆಯಲ್ಲೇ ತೂಗಾಡಿತು.

ಆಗ ಬಂದವರು ಊರ್ಮಿಳಾ ಟೀಚರ್. ಕೈಯಲ್ಲಿ ಫ್ಯಾಕ್ಟರಿಯ ಹೊಸ ಗಿಟಾರು, ಬೆರಳ ತುದಿಯಲ್ಲಿ ಬೊಕ್ಕೆ.

"ಎಷ್ಟು ಒತ್ತಿದ್ರೂ ತಂತಿ ಕೂರುದೇ ಇಲ್ಲ ಆಚಾರ್ರೇ. ಸ್ಕೂಲ್ ಡೇಗೆ ಮಕ್ಕಳ ಹಾಡಿಗೆ ಬಾರಿಸ್ಬೇಕು, ಇನ್ನು ಎಂಟೇ ದಿನ ಉಂಟು."

"ಅದನ್ನು ಇಲ್ಲೇ ಬಿಟ್ಟು ಹೋಗಿ ಟೀಚರ್. ನಾಡಿದ್ದು ಬಂದು ಅದನ್ನೂ ನನ್ನದನ್ನೂ ಬಾರಿಸಿ ನೋಡಿ. ಯಾವುದು ಒಳ್ಳೆದೋ ಅದನ್ನು ಕೊಂಡು ಹೋಗಿ."

ಗೆದ್ದೆನೆಂದೇ ಅವನು ತಿಳಿದಿದ್ದ. ಫ್ಯಾಕ್ಟರಿಯದನ್ನು ಇದ್ದ ಹಾಗೆಯೇ ಇಟ್ಟಿದ್ದರೆ ಗೆಲ್ಲುತ್ತಿದ್ದನೂ ಹೌದು. ಆದರೆ ಹುಟ್ಟುಗುಣ ಸುಟ್ಟರೂ ಹೋಗದು. ಮರುದಿನ ಬೆಳಿಗ್ಗೆ, ಎಷ್ಟು ದೋಷ ಉಂಟು ನೋಡುವಾ ಎಂದು ಅದನ್ನು ಮಡಿಲಲ್ಲಿಟ್ಟುಕೊಂಡ. ಕತ್ತಿನ ತುದಿಯಲ್ಲಿ ತಂತಿ ಕೂರುವ ಗೀರು ಆಳ ಸಾಲದು. ಅರ ತೆಗೆದು ಒಂದಿಷ್ಟು ಉಜ್ಜಿದ. ಒಂದನ್ನು ಉಜ್ಜಿದ ಮೇಲೆ ಉಳಿದ ಐದನ್ನು ಬಿಡುವುದುಂಟೆ? ಕೆಳಗಿನ ತುದಿಯಲ್ಲಿ ತಂತಿಗಳನ್ನು ಎತ್ತಿ ಹಿಡಿದಿದ್ದ ಪ್ಲಾಸ್ಟಿಕ್ ಪಟ್ಟಿಯನ್ನು ಕಿತ್ತು, ಕೋಣದ ಕೊಂಬಿನಲ್ಲಿ ತಗ್ಗಾದ ಇನ್ನೊಂದನ್ನು ಮಾಡಿ ಕೂರಿಸಿದ. ಬೆರಳು ಗೀರುತ್ತಿದ್ದ ಹಿತ್ತಾಳೆಯ ಮೆಟ್ಟುಗಳ ತುದಿಯನ್ನು ನಯ ಮಾಡಿದ. ಮೀಟಿ, ಕೇಳಿ, ಮತ್ತೆ ಉಜ್ಜಿ, ಮಧ್ಯಾಹ್ನದ ಗಂಜಿ ಆರಿಹೋದರೂ ಮಿಷನಿನ ಮೇಲಿನ ಸಿಟ್ಟು ಅವನಿಗೆ ನೆನಪಾಗಲಿಲ್ಲ.

ಹೇಳಿದ ದಿನ ಟೀಚರ್ ಬಂದರು. ಮೊದಲು ಹಲಸಿನದನ್ನು ಬಾರಿಸಿದರು. ನಾದ ಚೆನ್ನಾಗಿಯೇ ಇತ್ತು, ಆದರೆ ಕತ್ತು ದಪ್ಪ, ಬೆರಳು ಸುತ್ತಿ ಬರುವುದು ಕಷ್ಟ. ಆಮೇಲೆ ತಮ್ಮದನ್ನು ಬಾರಿಸಿದರು. ಬೆರಳು ತಾನಾಗಿ ಓಡಿತು, ಮುಖ ಅರಳಿತು. ಆದರೂ ದಾಕ್ಷಿಣ್ಯದ ಹೆಂಗಸು.

"ನೀವೇ ಹೇಳಿ ಆಚಾರ್ರೇ, ಯಾವುದನ್ನು ಕೊಂಡು ಹೋಗ್ಲಿ? ನೀವು ಹೇಳಿದ್ದನ್ನೇ ಬಾರಿಸ್ತೇನೆ."

ಒಂದೇ ಒಂದು ಸುಳ್ಳು ಸಾಕಿತ್ತು. ನಾಲಗೆಯ ತುದಿಯವರೆಗೆ ಬಂದೂ ಇತ್ತು. ಆದರೆ ನಾದದ ವಿಷಯದಲ್ಲಿ ಸುಳ್ಳು ಹೇಳಿ ರೂಢಿಯಿರಲಿಲ್ಲ.

"ನಿಮ್ಮದೇ ಒಳ್ಳೆದು," ಎಂದ.

ಟೀಚರ್ ಹೋದ ಮೇಲೆ ಚೆನ್ನು ಹೊರಗೆ ಬಂದಳು. "ಎಂತ, ಗಿಟಾರು ಕೊಂಡು ಹೋದ್ರಾ?"

"ಹೋದ್ರು."

ಅವಳು ಗೋಡೆಯತ್ತ ನೋಡಿದಳು. "ನಿಮ್ಮದು ಇಲ್ಲೇ ಉಂಟಲ್ಲ!"

ಸುಂದರ ಆಚಾರಿಗೆ ದುಃಖವೂ ಬಂತು, ಅದರ ಬೆನ್ನಿಗೇ ಸ್ವಲ್ಪ ಜಂಬವೂ ಬಂತು.

"ಎರಡೂ ನನ್ನದೇ," ಎಂದ. "ಒಳ್ಳೆದನ್ನು ಕೊಂಡು ಹೋದ್ರು."